ಹಲಗೆಯ ಮೊದಲ ಹೆಸರಿಗೆ ಉಳಿದದ್ದೆಷ್ಟು?

ಮಾನ್ಯ ಬಂದರು ನೋಂದಣಿ ಅಧಿಕಾರಿಗಳೇ,

ಮೊದಲು ಖರ್ಚಿನ ಬಾಬ್ತು ಒಪ್ಪಿಸುತ್ತೇನೆ, ಕುಶಲ ಸಮಾಚಾರ ಆಮೇಲೆ. ಹಲ್ಲಿನ ಡಾಕ್ಟರೊಬ್ಬರ ಹಾಯಿದೋಣಿ ಮೇಲಿನ ಬಂದರಿನಿಂದ ನಮ್ಮ ಬಂದರಿಗೆ ಬಂದು ಸೇರಿದ್ದಕ್ಕೆ ತಗುಲಿದ್ದು ಇಷ್ಟು: ಡೀಸೆಲ್ಲಿಗೆ ಎಂಟು ಸಾವಿರ, ಊಟ ತಿಂಡಿಗೆ ಹತ್ತು, ನಡುವೆ ತಂಗಿದ ಬಂದರುಗಳ ಬಾಡಿಗೆ ಮೂರು, ದೋಣಿ ಇದ್ದಲ್ಲಿಗೆ ಹೋಗಲು ಬಸ್ಸು, ಸಾಮಾನು ಸಾಗಣೆ ಸೇರಿ ನಾಲ್ಕು, ಹಾಯಿ ಹರಿಯಿತೆಂದು ಹಿಡಿದುಕೊಂಡದ್ದು ಹದಿನೆಂಟು, ನಿಮ್ಮ ಕಚೇರಿಯ ಹಲಗೆಯಲ್ಲಿ ದರ ತಿದ್ದಿಸಿದ ಶುಲ್ಕ ಎರಡು. ಒಟ್ಟು ನಲವತ್ತೈದು ಸಾವಿರ. ಇದರ ಮೇಲೆ ನನ್ನ ಬಲಗೈ ಹೆಬ್ಬೆರಳಿನಲ್ಲಿ ಒಂದು ತೂತು, ಮನೆಯಲ್ಲಿ ಹದಿನೈದು ದಿನದ ಮೌನ, ಒಬ್ಬ ಒಳ್ಳೆಯ ಸಹಾಯಕನ ಕೆಲಸ. ಈ ಮೂರಕ್ಕೆ ರಸೀದಿ ಇಲ್ಲ. ನಲವತ್ತೈದು ಸಾವಿರ ನುಂಗಿದ ಈ ಕೆಲಸವನ್ನು ಡಾಕ್ಟರು ಮಾಡಿಸಿಕೊಂಡದ್ದು ಮೂವತ್ತೈದು ಸಾವಿರಕ್ಕೆ. ಹಾಗೆ ಒಪ್ಪಿಕೊಂಡವನು ಹುಚ್ಚನೂ ಅಲ್ಲ, ಸಾಲಗಾರನೂ ಅಲ್ಲ. ನನ್ನ ಹೆಂಡತಿಯ ಸ್ವಂತ ತಮ್ಮ. ಹಾಗೆ ಒಪ್ಪಿಕೊಳ್ಳಬಹುದು ಎಂದು ಅವನಿಗೆ ಹೇಳಿಕೊಟ್ಟದ್ದು ನಿಮ್ಮ ಹಲಗೆ. ನನ್ನ ದೂರು ಆ ಹಲಗೆಯ ಮೇಲೆ.

ಇದು ಬಹಿರಂಗ ಪತ್ರವಾದ್ದರಿಂದ, ನಮ್ಮ ಕಸುಬು ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಹಣವುಳ್ಳವರು ಒಂದು ಊರಿನಲ್ಲಿ ದೋಣಿ ಕೊಳ್ಳುತ್ತಾರೆ. ಅದರ ಮೇಲೆ ಕೂತು ಸಂಜೆಯ ಟೀ ಕುಡಿಯುವ ಆಸೆ ಮಾತ್ರ ಇನ್ನೊಂದು ಊರಿನಲ್ಲಿರುತ್ತದೆ. ನಡುವಿನ ಸಮುದ್ರ ನಮ್ಮ ಪಾಲಿಗೆ. ನಮಗೆ ಸಂಬಳವಿಲ್ಲ, ಕಂಪನಿಯಿಲ್ಲ, ನಿವೃತ್ತಿಯೂ ಇಲ್ಲ. ಕರೆದಾಗ ಹೋಗಿ ದೋಣಿ ತಂದು ಕಟ್ಟಿ, ಕೀಲಿಕೈ ಕೊಟ್ಟು, ದಿನಗೂಲಿ ಎಣಿಸಿಕೊಂಡು ಮನೆಗೆ ಬರುವ ಬಿಡಿ ಕ್ಯಾಪ್ಟನ್‌ಗಳು ನಾವು. ಕಳೆದ ವರ್ಷದವರೆಗೆ ನಿಮ್ಮ ಕಚೇರಿಯ ಬಾಗಿಲ ಪಕ್ಕದ ಹಲಗೆಯಲ್ಲಿ ನಮ್ಮ ಹೆಸರುಗಳು ಸರದಿಯ ಪ್ರಕಾರ ಇರುತ್ತಿದ್ದವು. ಮೇಲಿದ್ದವನು ಕೆಲಸ ಹಿಡಿದ, ಮುಗಿಸಿ ಬಂದ, ಕೆಳಗೆ ಹೋದ. ಕ್ಯಾಪ್ಟನ್‌ಗೆ ದಿನಕ್ಕೆ ನಾಲ್ಕು ಸಾವಿರ, ಸಹಾಯಕನಿಗೆ ಎರಡು, ಉಳಿದ ಖರ್ಚು ದೋಣಿಯ ಯಜಮಾನರದು. ಇದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ, ಯಾರೂ ಮುರಿದಿರಲೂ ಇಲ್ಲ. ಆಮೇಲೆ ತಾವು ಬಂದಿರಿ. 'ಸಾರ್ವಜನಿಕರ ಅನುಕೂಲ ಮತ್ತು ಪಾರದರ್ಶಕತೆಯ ದೃಷ್ಟಿಯಿಂದ' ಎಂಬ ಸುತ್ತೋಲೆ ಬಂತು. ಸರದಿ ಹೋಯಿತು. ಹೆಸರಿನ ಮುಂದೆ 'ಒಟ್ಟು ದರ' ಎಂಬ ಒಂದೇ ಒಂದು ಕಾಲಂ ಹುಟ್ಟಿತು. ಕಡಿಮೆ ದರದವನು ಮೇಲೆ, ಹೆಚ್ಚಿನವನು ಕೆಳಗೆ. ದರ ತಿದ್ದಿಸಬೇಕಾದರೆ ಪ್ರತಿ ಸಲ ಎರಡು ಸಾವಿರ ಶುಲ್ಕ. ಕಡಿಮೆ ಕೂಲಿಗೆ ದುಡಿಯಲು ಒಪ್ಪಿಕೊಳ್ಳುವುದಕ್ಕೂ ಕೈಯಿಂದ ದುಡ್ಡು ಕಟ್ಟಿಸಿಕೊಳ್ಳುವ ಇಂಥ ಉಪಾಯ ಹೊಳೆದವರಿಗೆ ಸರ್ಕಾರ ಬಡ್ತಿ ಕೊಡದಿದ್ದರೆ ಅದು ಸರ್ಕಾರದ ತಪ್ಪು.

ನಾನು ಎಂಬತ್ತು ಸಾವಿರ ಬರೆಸಿದೆ. ಹೆಚ್ಚಿನ ದೋಣಿಗಳು ಬರುವ ಮೇಲಿನ ಬಂದರಿನಿಂದ ಇಲ್ಲಿಗೆ, ಗಾಳಿಗಾಗಿ ಕಾಯುವ ದಿನ ಸೇರಿ, ಹತ್ತು ದಿನ. ಇಬ್ಬರ ಕೂಲಿ ಅರವತ್ತು, ಖರ್ಚು ಇಪ್ಪತ್ತು. ಇದರಲ್ಲಿ ಎಲ್ಲಿ ದುರಾಸೆ ಇದೆಯೋ ತೋರಿಸಿ. ವಾರ ಕಳೆಯುವುದರೊಳಗೆ ಒಬ್ಬ ಎಪ್ಪತ್ತು ಬರೆಸಿದ, ಇನ್ನೊಬ್ಬ ಅರವತ್ತೈದು. ನಿಮ್ಮ ಗುಮಾಸ್ತರು ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತಾಗಲೆಲ್ಲ ಜೆಟ್ಟಿಯ ಮೇಲಿದ್ದ ನಾವೆಲ್ಲ ಹಗ್ಗ ಸುತ್ತುವ ನೆಪದಲ್ಲಿ ಅತ್ತ ಕತ್ತು ಉದ್ದ ಮಾಡುತ್ತಿದ್ದೆವು. ಒಂದು ಬೆಳಿಗ್ಗೆ ಎಲ್ಲರ ತಲೆಯ ಮೇಲೆ ಬೇರೊಂದು ಹೆಸರು ಕೂತಿತ್ತು, ಅದರ ಮುಂದೆ ಮೂವತ್ತೈದು. ಗುಮಾಸ್ತರ ಅಕ್ಷರ ಎಂದೂ ಅಷ್ಟು ದುಂಡಗೆ ಬಂದದ್ದು ನಾನು ಕಾಣೆ. ಅದು ನನ್ನ ಬಾಮೈದನ ಹೆಸರು. ಅವತ್ತಿನಿಂದ ಜೆಟ್ಟಿಯಲ್ಲಿ ಅವನಿಗೆ ಸೋವಿ ಕ್ಯಾಪ್ಟನ್ ಎಂಬ ಬಿರುದು. ಆ ಬಿರುದು ದಯಪಾಲಿಸಿದವನು ನಾನೇ.

ಈಗ ನೀವು ಕುರ್ಚಿಗೆ ಒರಗಿ 'ಓಹೋ, ಹೊಟ್ಟೆಕಿಚ್ಚು' ಎನ್ನುತ್ತೀರಿ. ಅನ್ನಿ, ಬೇಕಾದರೆ ಕಡತದಲ್ಲೂ ಬರೆದುಕೊಳ್ಳಿ. ನನ್ನದು ಅಪ್ಪಟ ಹೊಟ್ಟೆಕಿಚ್ಚು, ಅದರಲ್ಲಿ ಕಲಬೆರಕೆ ಇಲ್ಲ. ಅವನಿಗೆ ನನಗಿಂತ ಹದಿನಾಲ್ಕು ವರ್ಷ ಕಡಿಮೆ, ಕೂದಲು ಎರಡರಷ್ಟು. ಅವನು ನಕ್ಕರೆ ದೋಣಿಯ ಯಜಮಾನರೂ ನಗುತ್ತಾರೆ. ನಾನು ನಕ್ಕರೆ 'ಏನು ತೊಂದರೆಯಾಯ್ತು ಕ್ಯಾಪ್ಟನ್?' ಎಂದು ಕೇಳುತ್ತಾರೆ. ನಮ್ಮ ಮನೆಗೆ ಊಟಕ್ಕೆ ಬಂದರೆ ತಟ್ಟೆ ಮೊದಲು ಅವನ ಮುಂದೆ ಬರುತ್ತದೆ. 'ಪಾಪ, ಸಮುದ್ರದಿಂದ ಬಂದಿದ್ದಾನೆ' ಎನ್ನುತ್ತಾಳೆ ನನ್ನಾಕೆ. ಇಪ್ಪತ್ತೆರಡು ವರ್ಷ ನಾನೇನು ಹಿತ್ತಿಲಿನಿಂದ ಬರುತ್ತಿದ್ದೆನೇ? ಹಗ್ಗ ಎಸೆಯುವುದರಿಂದ ಹಿಡಿದು ಎಲ್ಲವನ್ನೂ ಅವನಿಗೆ ಕಲಿಸಿದವನು ನಾನು. ಕಲಿಸಿದ್ದನ್ನು ಅವನು ಮರೆತಿದ್ದರೆ ಬೈದು ಸಮಾಧಾನ ಪಡಬಹುದಿತ್ತು. ಮರೆತಿಲ್ಲ. ನನಗಿಂತ ಚೆನ್ನಾಗಿ ಮಾಡುತ್ತಾನೆ, ಅದೂ ನನ್ನ ಅರ್ಧಕ್ಕಿಂತ ಕಡಿಮೆ ದರಕ್ಕೆ. ಈ ಎರಡರಲ್ಲಿ ಒಂದನ್ನಾದರೂ ಸಹಿಸಿಕೊಳ್ಳುತ್ತಿದ್ದೆ.

ಆದರೆ ಹೊಟ್ಟೆಕಿಚ್ಚಿನವನಿಗೆ ಒಂದು ಅನುಕೂಲವಿದೆ ಸ್ವಾಮಿ. ಪಕ್ಕದವನ ಲೆಕ್ಕವನ್ನು ಅವನು ಸ್ವಂತ ಲೆಕ್ಕಕ್ಕಿಂತ ಶ್ರದ್ಧೆಯಿಂದ ಹಾಕುತ್ತಾನೆ. ಖರ್ಚೇ ಇಪ್ಪತ್ತು ಮೀರುವ ಕೆಲಸಕ್ಕೆ ಸೋವಿ ಕ್ಯಾಪ್ಟನ್ ಮೂವತ್ತೈದು ಬರೆಸಿದ್ದು ಹೇಗೆ? ಊಟ ಮಾಡುವಾಗ, ಹಲ್ಲುಜ್ಜುವಾಗ, ಕೆಲಸವಿಲ್ಲದೆ ಜೆಟ್ಟಿಯಲ್ಲಿ ಕೂತಾಗ ನನಗೆ ಅದೇ ಯೋಚನೆ. ನನ್ನ ಸಹಾಯಕ ಗಂಟಣ್ಣ, ಅವನು ಹಾಕಿದ ಗಂಟು ತಾನಾಗಿ ಬಿಚ್ಚಿಕೊಂಡದ್ದನ್ನು ಯಾರೂ ನೋಡಿಲ್ಲ, ಅವನೇ ಒಂದು ದಿನ ಸುದ್ದಿ ತಂದ. "ಸಾರ್, ಅವ್ರು ಸಹಾಯಕರಿಗೆ ಕೂಲಿ ಕೊಡಲ್ಲ. ಸಹಾಯಕರೇ ಅವ್ರಿಗೆ ಕೊಡ್ತಾರೆ!" ವಿಷಯ ಏನೆಂದರೆ, ಕ್ಯಾಪ್ಟನ್ ಪರವಾನಗಿ ಬೇಕಾದವರಿಗೆ ಸಮುದ್ರದ ಮೈಲಿಗಳು ಬೇಕು. ಯಾವ ದೋಣಿಯಲ್ಲಿ ಎಷ್ಟು ಮೈಲಿ ಹೋದರೆಂದು ಆ ದೋಣಿಯ ಕ್ಯಾಪ್ಟನ್ ಸಹಿ ಹಾಕಿಕೊಡಬೇಕು. ಹಿಂದೆ ನಾವು ಕಲಿಯುವವರನ್ನು ಕರೆದುಕೊಂಡು ಹೋಗಿ, ಕೂಲಿ ಕೊಟ್ಟು, ಸಹಿಯನ್ನೂ ಹಾಕುತ್ತಿದ್ದೆವು. ಇವನು ಸಹಿಯನ್ನು ಮಾರಾಟಕ್ಕೆ ಇಟ್ಟ. ತಲೆಗೆ ಎಂಟು ಸಾವಿರ ಕೊಟ್ಟರೆ ದೋಣಿಯಲ್ಲಿ ಜಾಗ, ಊಟ, ಮೈಲಿಗೆ ಸಹಿ; ಜೊತೆಗೆ ಪಾತ್ರೆ ತೊಳೆಯುವ, ಪಹರೆ ಕೂರುವ, ಹಗ್ಗ ಎಳೆಯುವ ಅವಕಾಶ ಉಚಿತ. ನಿಮ್ಮ ನಮೂನೆಯಲ್ಲಿ ಇವರೆಲ್ಲ 'ಸಿಬ್ಬಂದಿ'. ಕೂಲಿ ಪಡೆಯುವವನೂ ಸಿಬ್ಬಂದಿ, ಕೂಲಿ ಕೊಡುವವನೂ ಸಿಬ್ಬಂದಿ! ನಾಳೆ ಹೋಟೆಲಿನಲ್ಲಿ ಊಟ ಮಾಡುವವರನ್ನು ಅಡುಗೆಯವರೆಂದು ಬರೆದುಕೊಳ್ಳಲು ತಮ್ಮ ಕಚೇರಿಗೆ ಅಡ್ಡಿಯಿಲ್ಲವೆಂದು ಕಾಣುತ್ತದೆ.

ಆ ವರ್ಷ ನನಗೆ ಒಂದೂ ಕೆಲಸ ಸಿಗಲಿಲ್ಲ. ಗಂಟಣ್ಣ ಐದು ತಿಂಗಳು ಕಾದು, ಮೀನಿನ ಶೀತಲಗೃಹದಲ್ಲಿ ಪೆಟ್ಟಿಗೆ ಹೊರಲು ಸೇರಿಕೊಂಡ. ಹೋಗುವ ದಿನ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ಕೆಲಸ ಬಂದ್ರೆ ಒಂದು ಕೂಗು ಹಾಕಿ ಸಾರ್, ಪೆಟ್ಟಿಗೆ ಅಲ್ಲೇ ಇಳಿಸಿ ಬರ್ತೀನಿ" ಎಂದ. ಅಷ್ಟರಲ್ಲಿ ನನ್ನ ಪರವಾನಗಿಯ ನವೀಕರಣದ ಕಾಲ ಬಂತು. ನಿಮ್ಮದೇ ನಿಯಮ: ಹಿಂದಿನ ಹನ್ನೆರಡು ತಿಂಗಳಲ್ಲಿ 'ಕ್ಯಾಪ್ಟನ್ ಆಗಿ ಅಥವಾ ಸಿಬ್ಬಂದಿಯಾಗಿ' ಐನೂರು ಮೈಲಿ ಸಮುದ್ರದಲ್ಲಿ ಕಳೆದಿರಬೇಕು, ಇಲ್ಲವಾದರೆ ಹೆಸರು ತೆಗೆಯಲಾಗುವುದು. ನಾನು ಕೌಂಟರಿನಲ್ಲಿ ನಿಂತು ಕೇಳಿದೆ: "ಸ್ವಾಮಿ, ಕೆಲಸ ಸಿಗದ ಹಾಗೆ ಮಾಡಿದ್ದು ನಿಮ್ಮ ಹಲಗೆ. ಕೆಲಸ ಮಾಡಿಲ್ಲ ಅಂತ ಹೆಸರು ತೆಗೆಯೋದೂ ನೀವೇನಾ?" ಗುಮಾಸ್ತರು ಬಹಳ ಮರ್ಯಾದೆಯಿಂದ "ಅವೆರಡು ಬೇರೆ ಬೇರೆ ವಿಭಾಗ ಸಾರ್" ಎಂದರು. ಒಂದೇ ಕೋಣೆ, ಒಂದೇ ಫ್ಯಾನು, ನಡುವೆ ಒಂದು ಕಬ್ಬಿಣದ ಬೀರು.

ಈ ಸಂಗತಿ ನನ್ನಾಕೆಯ ಮೂಲಕ ಅವಳ ತಮ್ಮನಿಗೆ ಮುಟ್ಟಿತು. ಭಾನುವಾರ ಬಂದ. ಅಡುಗೆಮನೆಯ ಸ್ಟೂಲ್ ಎಳೆದುಕೊಂಡು ಕೂತು, ನನ್ನ ಲೋಟದಲ್ಲಿ ಟೀ ಕುಡಿಯುತ್ತ ಮಾತು ತೆಗೆದ.

"ಭಾವ, ಹಲ್ಲಿನ ಡಾಕ್ಟ್ರ ಬೋಟು ತರಕ್ಕೆ ಹೋಗ್ತಿದ್ದೀನಿ. ಐನೂರ ಇಪ್ಪತ್ತು ಮೈಲಿ. ಒಂದು ಜಾಗ ಖಾಲಿ ಇದೆ. ನೀವು ಬನ್ನಿ."

"ಏನಾಗಿ ಬರಲಿ?"

"ಸಿಬ್ಬಂದಿ ಆಗಿ. ಎಲ್ರಿಗೂ ಎಂಟು. ನೀವು ಮನೆಯವ್ರಲ್ವಾ, ನಾಲ್ಕು ಕೊಡಿ ಸಾಕು."

ನನ್ನಾಕೆ ಒಲೆಯ ಕಡೆಯಿಂದ ತಿರುಗದೆ ಹೇಳಿದಳು: "ನೋಡ್ರೀ, ಅರ್ಧ ಬಿಟ್ಟಿದ್ದಾನೆ. ಬೇರೆ ಯಾರು ಬಿಡ್ತಾರೆ?"

"ಇವನಿಗೆ ಚುಕ್ಕಾಣಿ ಹಿಡಿಯೋದು ಕಲಿಸಿದಾಗ ನಾನು ಪೂರ್ತಿನೇ ಬಿಟ್ಟಿದ್ದೆ" ಎಂದೆ.

"ಅದನ್ನ ಎಷ್ಟು ಸಲ ಹೇಳ್ತೀರಿ? ಕಲಿಸಿದ್ದಕ್ಕೆ ಈಗ ಬಿಲ್ಲು ಹಾಕ್ತೀರಾ?"

ಹಾಕಬೇಕೆಂದೇ ಇತ್ತು. ಹಾಕಲಿಲ್ಲ. ನಾಲ್ಕು ಸಾವಿರ ಎಣಿಸಿ ಕೊಟ್ಟೆ. ಅವನು ಎಣಿಸದೆ ಜೇಬಿಗೆ ಹಾಕಿಕೊಂಡ. ಆ ಔದಾರ್ಯಕ್ಕೂ ನನಗೆ ಹೊಟ್ಟೆ ಉರಿಯಿತು.

ಹೀಗೆ, ಇಪ್ಪತ್ತೆರಡು ವರ್ಷ ಕ್ಯಾಪ್ಟನ್ ಆಗಿದ್ದವನು ದುಡ್ಡು ಕೊಟ್ಟು ಸಹಾಯಕನಾದೆ. ನನ್ನ ಜೊತೆ ಪೂರ್ತಿ ದರ ಕೊಟ್ಟವರು ಇಬ್ಬರು: ರಜೆಯ ಮೇಲಿದ್ದ ಒಬ್ಬ ಬ್ಯಾಂಕ್ ಮ್ಯಾನೇಜರು, ನಿವೃತ್ತರಾದ ಒಬ್ಬ ಟೀಚರಮ್ಮ. ಬಸ್ಸಿನಲ್ಲಿ ಬಾಮೈದ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದ. ಅಕ್ಕ ಕಟ್ಟಿಕೊಟ್ಟ ಬುತ್ತಿ ಅವನ ತೊಡೆಯ ಮೇಲಿತ್ತು, ಅದರ ಮೇಲೆ ಅವನ ಹೆಸರೂ ಇತ್ತು. ನನಗೆ ಬುತ್ತಿ ಇರಲಿಲ್ಲ. 'ನಿಮ್ಮ ಟಿಕೆಟ್ ದರದಲ್ಲಿ ಊಟ ಸೇರಿದೆಯಲ್ಲ' ಎಂದಿದ್ದಳು ನನ್ನಾಕೆ.

ಮೊದಲ ಮೂರು ದಿನ ಗಾಳಿ ಒಳ್ಳೆಯದಿತ್ತು. ಅವನ ಕೆಲಸದಲ್ಲಿ ತಪ್ಪು ಹುಡುಕಲು ನಾನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ, ಸಿಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ದಿಗಂತದಲ್ಲಿ ಬಿರುಗಾಳಿಯ ಗುರುತಾದ ಬಿಳಿ ನೊರೆ ಎದ್ದಿತು. ಎಡಗಡೆ, ಗಂಟೆ ಹೊತ್ತಿನ ದೂರದಲ್ಲಿ, ಒಂದು ಸಣ್ಣ ಬಂದರಿತ್ತು. ದಿನಗೂಲಿಯ ಕ್ಯಾಪ್ಟನ್ ಆಗಿದ್ದರೆ ಎರಡನೆಯ ಯೋಚನೆ ಇಲ್ಲದೆ ಅಲ್ಲಿ ಹೊಕ್ಕು, ಗಾಳಿ ಇಳಿಯುವವರೆಗೆ ಕಾಯುತ್ತಿದ್ದ. ಕಾಯುವುದೂ ನಮ್ಮ ಕೆಲಸ ಸ್ವಾಮಿ. ಬಹುಶಃ ಅದೇ ಮುಖ್ಯ ಕೆಲಸ. ನಾನು ಚುಕ್ಕಾಣಿಯಲ್ಲಿದ್ದೆ.

"ಒಳಗೆ ಹೋಗೋಣ ಕಣೋ. ಇಲ್ಲಾಂದ್ರೆ ದೊಡ್ಡ ಹಾಯಿ ಅರ್ಧ ಮಡಚು."

"ಒಳಗೆ ಹೋದ್ರೆ ಬಾಡಿಗೆ ಯಾರು ಕೊಡ್ತಾರೆ ಭಾವ? ಮೂರು ಜನರ ಊಟ ಇನ್ನೊಂದು ದಿನ ಯಾರು ಹಾಕ್ತಾರೆ? ಮಡಚಿದ್ರೆ ವೇಗ ಹೋಗುತ್ತೆ. ಎಂಜಿನ್ ಹಾಕಿದ್ರೆ ಡೀಸೆಲ್ ನನ್ನದು."

"ಹಾಯಿ ಹರಿದ್ರೆ?"

"ಹರಿಯಲ್ಲ ಬಿಡಿ. ನಿಮಗೆ ವಯಸ್ಸಾಯ್ತು."

ಟೀಚರಮ್ಮ ಇಬ್ಬರ ಮುಖವನ್ನೂ ನೋಡಿ, "ಇಬ್ರೂ ಕ್ಯಾಪ್ಟನ್‌ಗಳೇ ಇದ್ದೀರಿ, ಒಬ್ರಾದ್ರೂ ಕ್ಯಾಪ್ಟನ್ ತರ ಮಾತಾಡಿ" ಎಂದರು. ಬ್ಯಾಂಕ್ ಮ್ಯಾನೇಜರು ಮೂಲೆಯಲ್ಲಿ ಕೂತು ಎಲ್ಲವನ್ನೂ ಗಮನಿಸುತ್ತಿದ್ದರು. ಬ್ಯಾಂಕಿನವರು ಗಮನಿಸುತ್ತಿದ್ದಾರೆ ಎಂದರೆ ಏನರ್ಥವೆಂದು ನನಗೆ ಅವತ್ತೇ ಹೊಳೆಯಬೇಕಿತ್ತು.

ಇಲ್ಲಿ ಒಂದು ಮಾತು ಗಮನಿಸಿ. ಆ ಬಂದರನ್ನು ಅವನು ನೋಡಿದ, ಆ ನೊರೆಯನ್ನೂ ನೋಡಿದ, ಎರಡರ ಅರ್ಥ ನನ್ನಷ್ಟೇ ಅವನಿಗೂ ಗೊತ್ತಿತ್ತು. ತಿಳಿಯದೆ ಮಾಡುವ ತಪ್ಪನ್ನು ತರಬೇತಿಯಿಂದ ತಿದ್ದಬಹುದು. ಇದು ಒಟ್ಟು ದರಕ್ಕೆ ಒಪ್ಪಿಕೊಂಡವನು ಮಾತ್ರ ಮಾಡುವ ತಪ್ಪು. ತಿಳಿದೇ, ಲೆಕ್ಕ ಹಾಕಿಯೇ ಮಾಡಿದ್ದು. ದಿನಗೂಲಿಯವನಿಗೆ ಕಾದರೆ ಕೂಲಿ, ಒಟ್ಟು ದರದವನಿಗೆ ಕಾದರೆ ದಂಡ. ನೀವು ಹಲಗೆಯ ಒಂದು ಕಾಲಂ ಬದಲಿಸಿದಿರಿ, ಇನ್ನೂರು ಮೈಲಿ ಆಚೆ ಒಬ್ಬ ಒಳ್ಳೆಯ ಕ್ಯಾಪ್ಟನ್ ಬಿರುಗಾಳಿಗೆ ಪೂರ್ತಿ ಹಾಯಿ ಒಡ್ಡಿದ. ಆ ದೋಣಿಯಲ್ಲಿ ಈಜು ಬಾರದ ಅರವತ್ತೆರಡು ವರ್ಷದ ಒಬ್ಬ ಹೆಂಗಸಿದ್ದರು, ನಿಮ್ಮ ಕಡತದ ಪ್ರಕಾರ ಅವರು ಸಿಬ್ಬಂದಿ.

ಅರ್ಧ ಗಂಟೆಯಲ್ಲಿ ಹಾಯಿ ಹೊಲಿಗೆಯ ಗುಂಟ ಹರಿಯಿತು. ಆ ಶಬ್ದ ಕೇಳಿದವರಿಗೆ ಗೊತ್ತು, ಹೊಸ ಬಟ್ಟೆಯ ಥಾನನ್ನು ಯಾರೋ ಕಿವಿಯ ಪಕ್ಕದಲ್ಲೇ ಸೀಳಿದ ಹಾಗೆ. ದೋಣಿ ಒಂದು ಪಕ್ಕಕ್ಕೆ ವಾಲಿತು, ಟೀಚರಮ್ಮ ಅಡುಗೆಯ ಗೂಡಿನಿಂದ ಜಾರಿ ಬಂದು ನನ್ನ ಕಾಲಿಗೆ ತಗುಲಿಕೊಂಡರು. ಬಾಮೈದ ಆಗ ಮಾಡಿದ್ದನ್ನೂ ಹೇಳಬೇಕು, ಲೆಕ್ಕ ಲೆಕ್ಕವೇ. ಕೂಗಾಡಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಲೆಯ ಕೆಳಗೆ ಹೋಗಿ ಬಂದು ಹೋಗಿ ಬಂದು, ಒಬ್ಬನೇ ಹಾಯಿ ಇಳಿಸಿದ. ನಾನು ದೋಣಿಯ ಮೂತಿಯನ್ನು ಗಾಳಿಗೆ ಹಿಡಿದಿದ್ದೆ. ಆ ಕೆಲವು ನಿಮಿಷ ಹೊಟ್ಟೆಕಿಚ್ಚೂ ರಜೆ ಹಾಕಿತ್ತು. ಆಮೇಲೆ ಎಂಜಿನ್ ಹಾಕಿಕೊಂಡು ಹೋಗಿ ಒಂದು ಗುಡ್ಡದ ಮರೆಯಲ್ಲಿ, ಬಾಡಿಗೆ ಇಲ್ಲದ ಜಾಗದಲ್ಲಿ, ಲಂಗರು ಹಾಕಿದೆವು.

ಹಾಯಿ ಹೊಲಿಯಲು ಬರುತ್ತಿದ್ದವನು ನಾನೊಬ್ಬನೇ. ಸೂಜಿ, ಮೇಣದ ದಾರ, ಅಂಗೈಗೆ ಕಟ್ಟುವ ಚರ್ಮದ ಪಟ್ಟಿ ನನ್ನ ಚೀಲ ಬಿಟ್ಟು ಎಲ್ಲೂ ಹೋಗುವುದಿಲ್ಲ. ಒಂದೂವರೆ ದಿನ ಹೊಲಿದೆ. ದಪ್ಪ ಬಟ್ಟೆ, ಎರಡು ಸಾಲು ಹೊಲಿಗೆ, ನಡುವೆ ತೇಪೆ. ಸೂಜಿ ಒಮ್ಮೆ ಹೆಬ್ಬೆರಳಿನ ಆ ಕಡೆಯಿಂದ ಈ ಕಡೆಗೂ ಬಂತು. ಟೀಚರಮ್ಮ ದಾರ ಪೋಣಿಸಿ ಕೊಡುತ್ತ, "ನೀವು ಎಷ್ಟು ಕೊಟ್ಟು ಬಂದಿದ್ದೀರಿ?" ಎಂದು ಕೇಳಿದರು. "ನಾಲ್ಕು" ಎಂದೆ. "ಅಯ್ಯೋ, ನಾನು ಎಂಟು ಕೊಟ್ಟು ಬರೀ ಪಾತ್ರೆ ತೊಳೀತಿದ್ದೀನಿ. ನಿಮಗೆ ನಾಲ್ಕಕ್ಕೇ ಹೊಲಿಯೋ ಭಾಗ್ಯ!" ಎಂದು ನಕ್ಕರು. ದುಡ್ಡು ಕೊಟ್ಟು ಹೊಲಿಯುವ ದರ್ಜಿ ಈ ಕರಾವಳಿಯಲ್ಲಿ ನಾನೊಬ್ಬನೇ ಇರಬೇಕು.

ಎಂಟನೆಯ ದಿನ ನಮ್ಮ ಬಂದರಿಗೆ ಬಂದೆವು. ಜೆಟ್ಟಿಯ ಮೇಲೆ ಡಾಕ್ಟರಿದ್ದರು, ನನ್ನಾಕೆ ಇದ್ದಳು, ಮೇಲಿನ ಕಿಟಕಿಯಲ್ಲಿ ತಾವೂ ಇದ್ದಿರಿ. ಅಡ್ಡಗಾಳಿ ಬೀಸುತ್ತಿತ್ತು, ಎರಡು ದೋಣಿಗಳ ನಡುವೆ ಒಂದೇ ಒಂದು ಜಾಗ. ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಬಾಮೈದ ದೋಣಿಯನ್ನು ಅಲ್ಲಿ ಇಳಿಸಿದ. ಜೆಟ್ಟಿಗೆ ತಾಗಿದ್ದು ಗೊತ್ತಾಗಲಿಲ್ಲ. ನಾನು ಮುಂದೆ ಹಗ್ಗ ಹಿಡಿದು ನಿಂತಿದ್ದೆ. ಡಾಕ್ಟರು ಚಪ್ಪಾಳೆ ತಟ್ಟಿದರು. ನನ್ನಾಕೆಯ ಮುಖದಲ್ಲಿ ನಾನು ಮದುವೆಯ ದಿನವೂ ಕಾಣದ ಕಳೆ. ತಾವು ಕೈ ಬೀಸಿದಿರಿ. ನನಗಿರಬಹುದೆಂದು ನಾನೂ ಕೈ ಎತ್ತಿದೆ, ಅರ್ಧಕ್ಕೆ ಇಳಿಸಿದೆ.

ಡಾಕ್ಟರು ದೋಣಿಯನ್ನೆಲ್ಲ ನೋಡುತ್ತ ಬಂದು ಹಾಯಿಯ ಹತ್ತಿರ ನಿಂತರು. ಬೆರಳಿನಿಂದ ಹೊಲಿಗೆಯ ಗುಂಟ ಸವರಿದರು.

"ಹರಿದಿತ್ತಾ? ಯಾರು ಹೊಲಿದಿದ್ದು? ನಾವು ಒಸಡಿಗೆ ಹೊಲಿಗೆ ಹಾಕೋದೂ ಇಷ್ಟು ನೀಟಾಗಿರಲ್ಲ!"

"ನಮ್ಮ ಹುಡುಗರು ಮಾಡಿದ್ದು ಡಾಕ್ಟ್ರೇ" ಎಂದ ಬಾಮೈದ.

ಐವತ್ತಮೂರು ವರ್ಷದ ಹುಡುಗ ನಾನು ಹಗ್ಗ ಸುತ್ತುತ್ತ ನಿಂತಿದ್ದೆ. ಡಾಕ್ಟರು ಅಷ್ಟೇ ಸೌಜನ್ಯದಿಂದ, "ಆದ್ರೂ ಹರಿದ ಹಾಯಿ ಹರಿದ ಹಾಯಿನೇ ಅಲ್ವಾ? ಹೊಸದಕ್ಕೆ ಹದಿನೆಂಟು ಸಾವಿರ ಆಗುತ್ತೆ. ಅದನ್ನ ಹಿಡ್ಕೊಂಡು ಕೊಡ್ತೀನಿ" ಎಂದು ಹದಿನೇಳು ಸಾವಿರ ಎಣಿಸಿದರು. ಬಾಮೈದ ನಕ್ಕೇ ತೆಗೆದುಕೊಂಡ. ಅವರೆಲ್ಲ ಹೋದ ಮೇಲೆ ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಕೂತ, ಆಗ ನಗು ಇರಲಿಲ್ಲ. ನಾನು ಈ ಗಳಿಗೆಗಾಗಿ ಎಂಟು ದಿನದಿಂದ ಕಾದಿದ್ದೆ. ಪಕ್ಕದಲ್ಲಿ ನಿಂತು ಲೆಕ್ಕ ಒಪ್ಪಿಸಿದೆ.

"ಮೂವತ್ತೈದಕ್ಕೆ ಇಪ್ಪತ್ತು ಸೇರಿಸು, ನಮ್ಮ ಮೂರು ಜನರದ್ದು. ಐವತ್ತೈದು. ಖರ್ಚು, ಹಾಯಿ, ಹಲಗೆಯ ಶುಲ್ಕ ಎಲ್ಲ ಕಳಿ. ನಲವತ್ತೈದು. ಎಷ್ಟು ಉಳೀತು?"

"ಹತ್ತು ಉಳೀತಲ್ಲ ಭಾವ."

"ಎಂಟು ದಿನಕ್ಕೆ ಹತ್ತು. ಗಂಟಣ್ಣನಿಗೆ ನಾನು ಎಂಟು ದಿನಕ್ಕೆ ಹದಿನಾರು ಕೊಡ್ತಿದ್ದೆ."

ಅವನು ಜೇಬಿನ ನೋಟುಗಳನ್ನು ತೆಗೆದು ಎಣಿಸಿದ. "ಅಂದ್ರೆ, ಹಲಗೇಲಿ ಮೊದಲನೇ ಹೆಸರು ನಂದು, ಗಂಟಣ್ಣನಿಗಿಂತ ಕಡಿಮೆ ಕೂಲೀನೂ ನಂದೇ?"

ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಅವನಿಗೆ ಹತ್ತಾದರೂ ಉಳಿದಿತ್ತು. ನನ್ನ ಕೈಯಿಂದ ನಾಲ್ಕು ಹೋಗಿತ್ತು. ಆ ಹತ್ತಕ್ಕೂ ನನಗೆ ಹೊಟ್ಟೆ ಉರಿಯಿತು. ಉಳಿದ ಸಿಟ್ಟನ್ನು ಮನೆಗೆ ತಂದು, ಅವನ ಬಗ್ಗೆ ಆಡಬಾರದ ಮಾತೊಂದನ್ನು ನನ್ನಾಕೆಯ ಮುಂದೆ ಆಡಿದೆ. ಮೇಲೆ ಹೇಳಿದ ಹದಿನೈದು ದಿನದ ಮೌನ ಅಲ್ಲಿಂದ ಶುರು.

ಆ ಮೌನದ ನಡುವೆ ನನಗೆ ಹಲ್ಲು ನೋವು ಬಂತು. ಬೇಕೆಂದೇ ಅದೇ ಡಾಕ್ಟರ ಹತ್ತಿರ ಹೋದೆ. ಬಾಯಿ ತೆರೆಯುವ ಮೊದಲು ಕೇಳಿದೆ: "ಡಾಕ್ಟ್ರೇ, ಇಡೀ ಬಾಯಿಗೆ ಒಟ್ಟಿಗೆ ಎಷ್ಟು?" ಅವರು ನಕ್ಕರು. "ಹಾಗೆಲ್ಲ ಹೇಳಕ್ಕಾಗಲ್ಲ ಕ್ಯಾಪ್ಟನ್. ಒಳಗೆ ಏನಿದೆ ಅಂತ ತೆಗೆದು ನೋಡಿದ್ ಮೇಲೇ ಗೊತ್ತಾಗೋದು. ಒಂದೊಂದು ಹಲ್ಲಿಗೆ ಒಂದೊಂದು ಥರ ಸಮಯ ಹಿಡಿಯುತ್ತೆ. ಅವಸರ ಮಾಡಿದ್ರೆ ನಿಮಗೇ ತೊಂದರೆ." ಬಾಯಿಯ ಒಳಗೆ ಏನಿದೆ ಎಂದು ಮೊದಲೇ ಹೇಳಲು ಆಗುವುದಿಲ್ಲವಂತೆ; ಸಮುದ್ರದ ಒಳಗೆ ಏನಿದೆ ಎಂದು ನಾವು ಮಾತ್ರ ಸೀಮೆಸುಣ್ಣದಲ್ಲಿ ಬರೆದುಕೊಡಬೇಕು! ಅಲ್ಲಿಂದ ಬರುವಾಗ ಜೆಟ್ಟಿಯಲ್ಲಿ ಅವರ ದೋಣಿ ಹಾಯಿ ಬಿಚ್ಚಿಕೊಂಡು ನಿಂತಿತ್ತು. ಹತ್ತಿರ ಹೋಗಿ ನೋಡಿದೆ. ನನ್ನದೇ ತೇಪೆ, ನನ್ನದೇ ಎರಡು ಸಾಲು. ಹೊಸ ಹಾಯಿ ಕೊಂಡಿಲ್ಲ. ಇವತ್ತಿಗೂ ಕೊಂಡಿಲ್ಲ. ಯಾಕೆ ಕೊಳ್ಳಬೇಕು ಹೇಳಿ, ಹೊಲಿಗೆ ಅಷ್ಟು ಚೆನ್ನಾಗಿರುವಾಗ?

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ನನ್ನ ಮನೆಯ ಜಗಳ ಎಂದು ತಾವು ತಳ್ಳಿಹಾಕಬಹುದಿತ್ತು. ಹೋದ ತಿಂಗಳು ಹಲಗೆಯ ಮೇಲೆ ಮತ್ತೆ ಸೀಮೆಸುಣ್ಣ ಆಡಿತು. ಮೂವತ್ತೈದರ ಮೇಲೆ ಇಪ್ಪತ್ತೈದು. ನಮ್ಮ ಜೊತೆ ಮೌನವಾಗಿ ಕೂತು ಗಮನಿಸುತ್ತಿದ್ದ ಬ್ಯಾಂಕ್ ಮ್ಯಾನೇಜರು! ಬಾಮೈದ ಸಹಿ ಹಾಕಿಕೊಟ್ಟ ಮೈಲಿಗಳಿಂದಲೇ ಅವರಿಗೆ ಪರವಾನಗಿ ಬಂದಿದೆ. ಬಾಮೈದ ಅವತ್ತು ಸಂಜೆ ಮನೆಗೆ ಬಂದ. ತಟ್ಟೆ ಮೊದಲು ಅವನ ಮುಂದೇ ಬಂತು, ಆದರೆ ಅವನು ಅದನ್ನು ಮುಟ್ಟಲಿಲ್ಲ.

"ಇಪ್ಪತ್ತೈದಕ್ಕೆ ಹೇಗ್ ಮಾಡ್ತಾನೆ ಭಾವ ಅವ್ನು? ಎಷ್ಟು ಲೆಕ್ಕ ಹಾಕಿದ್ರೂ ಗಿಟ್ಟಲ್ಲ."

"ಗಿಟ್ಟಬೇಕಾಗಿಲ್ಲ. ಅವರಿಗೆ ತಿಂಗಳ ಸಂಬಳ ಬ್ಯಾಂಕಿಂದ ಬರುತ್ತೆ. ಇದು ರಜೆಯ ಮೋಜು."

"ಮೋಜಿನವ್ರ ಜೊತೆ ನಾನು ಹೇಗೆ ಸ್ಪರ್ಧೆ ಮಾಡ್ಲಿ?"

"ನಿನ್ನ ಜೊತೆ ನಾನು ಮಾಡಿದ ಹಾಗೆ" ಎಂದೆ. ನನ್ನಾಕೆ ಮೊದಲ ಸಲ ಇಬ್ಬರನ್ನೂ ಒಂದೇ ಥರ ನೋಡಿದಳು.

ಅವನಿಗೆ ಈ ಪತ್ರದ ಕರಡು ಓದಿ ಹೇಳಿದೆ. ಸೋವಿ ಎಂಬಲ್ಲಿ ಮುಖ ಹಿಂಡಿದ, ತೊಟ್ಟಿಲು ಎಂಬಲ್ಲಿ ಕೆಂಪಾದ, ಲೆಕ್ಕದಲ್ಲಿ ಒಂದು ತಪ್ಪನ್ನೂ ತಿದ್ದಿದ. ಜೊತೆಗೆ ಸಹಿ ಹಾಕು ಎಂದೆ. ಪೆನ್ನು ತೆಗೆದುಕೊಂಡ, ಕೆಳಗಿಟ್ಟ. "ನನ್ನ ಹೆಸರು ಬೇಡ ಭಾವ. ಎರಡನೇದಾದ್ರೂ ಇದ್ದೀನಿ. ಅವ್ರು ಸಿಟ್ಟಾದ್ರೆ?" ನಿಮ್ಮ ಹಲಗೆಯ ನಿಜವಾದ ಬಲ ಇಲ್ಲಿದೆ. ಮೇಲಿನವನಿಗೆ ಇಳಿಯುವ ಭಯ, ಕೆಳಗಿನವನಿಗೆ ಹೊಟ್ಟೆಕಿಚ್ಚು, ನಡುವಿನವನಿಗೆ ಎರಡೂ. ಹೀಗಿರುವಾಗ ನಾವು ಒಟ್ಟಾಗಿ ನಿಮ್ಮ ಬಾಗಿಲು ತಟ್ಟುವುದು ಯಾವಾಗ?

ಆದ್ದರಿಂದ ಒಂಟಿಯಾಗಿ ಕೇಳುತ್ತಿದ್ದೇನೆ. ಹಲಗೆಯಿಂದ 'ಒಟ್ಟು ದರ' ಎಂಬ ಕಾಲಂ ಅಳಿಸಿ. ಕ್ಯಾಪ್ಟನ್‌ಗೂ ಸಹಾಯಕನಿಗೂ ಇದಕ್ಕಿಂತ ಕೆಳಗಿಲ್ಲ ಎಂಬ ದಿನಗೂಲಿ ಗೊತ್ತುಮಾಡಿ, ಗಾಳಿಗಾಗಿ ಕಾದ ದಿನವನ್ನೂ ದುಡಿದ ದಿನವೆಂದು ಎಣಿಸಿ. ದುಡ್ಡು ಕೊಟ್ಟು ಬಂದವರನ್ನು ಪ್ರಯಾಣಿಕರೆಂದು ಬರೆಯಿರಿ, ಅವರ ಜೀವಕ್ಕೆ ಪ್ರಯಾಣಿಕರಿಗಿರುವ ರಕ್ಷಣೆಯನ್ನೇ ಕೊಡಿ. ಸರದಿಯನ್ನು ವಾಪಸು ತನ್ನಿ. ಹೀಗೆ ಮಾಡಿದರೆ ಬಾಮೈದನಿಗೆ ನನಗಿಂತ ಹೆಚ್ಚು ಕೆಲಸ ಸಿಗಬಹುದು, ಅವನು ನನಗಿಂತ ಒಳ್ಳೆಯ ಕ್ಯಾಪ್ಟನ್. ಅದಕ್ಕೂ ಹೊಟ್ಟೆ ಉರಿಯುತ್ತದೆ. ಆದರೆ ಅವನ ಕೈಚಳಕ ಕಂಡು ಉರಿಯುವುದು ಬೇರೆ, ಅವನು ತನ್ನ ಕೂಲಿ ತಾನೇ ಕಡಿದುಕೊಂಡದ್ದು ಕಂಡು ಉರಿಯುವುದು ಬೇರೆ. ಮೊದಲನೆಯದನ್ನು ನಾನು ಮನೆಯಲ್ಲೇ ನೋಡಿಕೊಳ್ಳುತ್ತೇನೆ. ಎರಡನೆಯದು ನಿಮ್ಮ ಕಚೇರಿಯ ಕೆಲಸ.

ಇಂತಿ,
ತಮ್ಮ ಹಲಗೆಯಲ್ಲಿ ಈಗಲೂ ಎಂಬತ್ತು ಎಂದೇ ಬರೆಸಿಕೊಂಡಿರುವ,
ಕಟ್ಟಕಡೆಯ ಸಾಲಿನ ಕ್ಯಾಪ್ಟನ್

ಲಗತ್ತು: ಯಾರಿಗೆ ಏನು ದಕ್ಕಿತು ಎಂಬುದರ ತಪಶೀಲು.

ಹಲ್ಲಿನ ಡಾಕ್ಟರಿಗೆ: ಒಂದು ದೋಣಿ ಹದಿನೇಳು ಸಾವಿರಕ್ಕೆ, ಹೊಲಿಗೆ ಸಹಿತ.
ಬ್ಯಾಂಕ್ ಮ್ಯಾನೇಜರಿಗೆ: ಪರವಾನಗಿ, ಹಲಗೆಯ ಮೊದಲ ಸಾಲು.
ಟೀಚರಮ್ಮನಿಗೆ: ಮೈಲಿಗಳು, ಮೊಣಕಾಲಿಗೆ ಪೆಟ್ಟು.
ಬಾಮೈದನಿಗೆ: ಹತ್ತು ಸಾವಿರ, ಎರಡನೆಯ ಸಾಲು.
ಗಂಟಣ್ಣನಿಗೆ: ಮೀನಿನ ಪೆಟ್ಟಿಗೆ.
ತಮ್ಮ ಕಚೇರಿಗೆ: ಈ ವರ್ಷ ಹದಿನಾಲ್ಕು ತಿದ್ದುಪಡಿ, ಒಂದಕ್ಕೆ ಎರಡರಂತೆ ಇಪ್ಪತ್ತೆಂಟು ಸಾವಿರ.
ನನಗೆ: ಐನೂರ ಇಪ್ಪತ್ತು ಮೈಲಿ, ಬಾಮೈದನ ಸಹಿಯೊಂದಿಗೆ.